ಗಂಧ ಹಚ್ಚಿದ ಗುಂಡು

ಬಂದೂಕು ಅಳುತ್ತಿತ್ತು.

ಗೋಡೆಯ ಗೂಟಕ್ಕೆ ಬಾಯಿ ಕೆಳಗಾಗಿ ತೂಗುಹಾಕಿದ್ದ ಅದರ ನಳಿಗೆಯ ತುದಿಯಲ್ಲಿ ಒಂದು ಹನಿ ಮೆಲ್ಲಗೆ ದಪ್ಪವಾಗಿ, ಕೊಂಚ ಹೊತ್ತು ತಡೆದು, ಸಾರಿಸಿದ ನೆಲದ ಮೇಲೆ ಟಪ್ಪನೆ ಬಿತ್ತು. ಅಲ್ಲಿ ಆಗಲೇ ಅಂಗೈಯಗಲದ ಕಲೆಯಿತ್ತು. ಅಂಚಿಗೆ ತುಕ್ಕಿನ ಕೆಂಪು, ನಡುವೆ ಕಾಡಿಗೆಯ ಕಪ್ಪು.

“ನೋಡಿದ್ರೇನು?” ಬಾಗಿಲಾಚೆ, ಮಡಿಗೆ ಮೈಲಿಗೆ ತಾಗದಷ್ಟು ದೂರ ನಿಂತಿದ್ದ ಕಾವೇರಿಬಾಯಿ ಕೇಳಿದರು. ದನಿಯಲ್ಲಿ ಭಯವಿರಲಿಲ್ಲ. ಮನೆಯವರ ಕಾಯಿಲೆಯ ವಿಷಯ ಹೇಳುವ ಹಾಗಿತ್ತು. “ಏಕಾದಶಿ ಮರುದಿನದಿಂದ ಹಿಂಗ ಅಳ್ಳಿಕ್ಕತ್ಯಾರ. ನಾ ಒರಸ್ತೀನಿ, ಮತ್ತ ಬರ್ತದ. ಏನು ಸಂಕಟ ಆಗೇದೋ ಅವರಿಗೆ.”

“ಯಾರಿಗ್ರಿ ಅಮ್ಮಾರ?”

“ಇನ್ಯಾರಿಗೆ? ನಮ್ಮ ಮನಿಯವರಿಗೆ.”

ಆ ಮನೆಯವರು, ಧೀರೇಂದ್ರರಾಯರು, ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು.

ಸಬ್ ಇನ್‌ಸ್ಪೆಕ್ಟರ್ ಸುಂಕಣ್ಣ ಕುಕ್ಕರಗಾಲಲ್ಲಿ ಕೂತು ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದ. ಕೊಳೆತ ಮೊಟ್ಟೆಯ ವಾಸನೆ. ಪೊಲೀಸಿಗೆ ಸೇರುವ ಮುಂಚೆ ಪಲ್ಟನ್ನಿನಲ್ಲಿ ಬಂದೂಕು ರಿಪೇರಿ ಮಾಡುತ್ತಲೇ ಮೀಸೆ ಬೆಳೆಸಿದವನು ಅವನು. ಅವನಿಗೆ ಇದೇನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕರಿಮದ್ದು ಸುಟ್ಟ ಮಸಿ ಬರಿಯ ಮಸಿಯಲ್ಲ. ಮಳೆಗಾಲದ ಗಾಳಿಯ ಪಸೆಯನ್ನೆಲ್ಲ ಅದು ಹೀರಿ ಹೀರಿ ನೀರಾಗಿ ಇಳಿಯುತ್ತದೆ, ಇಳಿಯುವಾಗ ಉಕ್ಕನ್ನೂ ತಿನ್ನುತ್ತದೆ. ಅದಕ್ಕೇ ಹಾರಿಸಿದ ಬಂದೂಕನ್ನು ಅದೇ ದಿನ ಕುದಿಯುವ ನೀರಲ್ಲಿ ತೊಳೆಯಬೇಕು. ಇದನ್ನು ಯಾರೋ ಹಾರಿಸಿದ್ದರು, ತೊಳೆದಿರಲಿಲ್ಲ. ವರ್ಷದಿಂದ ಬೀಗ ಹಾಕಿದ ಕೋಣೆಯಲ್ಲಿ, ಬೀಗದ ಕೈ ವಿಧವೆಯೊಬ್ಬರ ಸೊಂಟದಲ್ಲಿರುವ ಮನೆಯಲ್ಲಿ ಇದು ನಡೆದಿತ್ತು.

ಅವನಿಗೆ ಹೊತ್ತಿರಲಿಲ್ಲ. ಏಕಾದಶಿಯ ಸಂಜೆ ಹತ್ತಿ ವ್ಯಾಪಾರಿ ಭೀಮಲಿಂಗಪ್ಪ ತನ್ನ ಗೋದಾಮಿನ ಅಂಗಳದಲ್ಲಿ ಗುಂಡು ತಿಂದು ಸತ್ತಿದ್ದ, ಧೀರೇಂದ್ರರಾಯರ ಜೊತೆ ಬಂದೂಕು ಹೊತ್ತು ತಿರುಗುತ್ತಿದ್ದ ಬೇಟೆಗಾರ ಆಂಜಿನಪ್ಪ ಅದೇ ಕೊಲೆಗೆ ಲಾಕಪ್ಪಿನಲ್ಲಿದ್ದ. ರಾಯರು ಕೊಟ್ಟಿದ್ದ ಗುಂಡಿನ ಅಚ್ಚು ಅವನ ಗುಡಿಸಲಲ್ಲಿ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಇವತ್ತಿನ ಸಂಜೆಯ ರೈಲಿಗೆ ಅವನನ್ನು ಕರ್ನೂಲಿಗೆ ಸಾಗಿಸುವವರಿದ್ದರು. ಅಲ್ಲಿಗೆ ಹೋದ ಮೇಲೆ ಅವನ ಕೊರಳು ಸುಂಕಣ್ಣನ ಕೈಯಲ್ಲಿರುವುದಿಲ್ಲ.

ಬೆಳಿಗ್ಗೆ ಠಾಣೆಯಲ್ಲಿ, ನಾಲ್ಕು ಜನರೆದುರಿಗೇ ಆಂಜಿನಪ್ಪ ಹೇಳಿದ್ದ: “ಆ ಸಂಜಿ ಗ್ವಾಡಿ ಹಾರಿದಾತನ್ನ ನಾ ಕಣ್ಣಾರೆ ನೋಡೀನಿ ಸಾರ್. ಹೆಸರು ಇಲ್ಲಿ ಹೇಳಂಗಿಲ್ಲ. ಕರ್ನೂಲಾಗ ಜಡ್ಜಿ ಮುಂದ ಹೇಳ್ತೀನಿ. ಇಲ್ಲಿ ಹೇಳಿದ್ರ ನನ್ನ ಮೂಕಮ್ಮ ಉಳಿಯಂಗಿಲ್ಲ.” ಹೆಂಡತಿ ಮೂಕಮ್ಮ ಬಾಗಿಲಲ್ಲಿ ಬುತ್ತಿ ಗಂಟು ಹಿಡಿದು ನಿಂತಿದ್ದಳು. ಸರ್ಕಲ್ ಸಾಹೇಬರು ನಕ್ಕುಬಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಆ ಪುಣ್ಯಾತ್ಮರಿಗೆ ಹೊಸದಲ್ಲ.

ಕೋಣೆಯಲ್ಲಿ ಬೇರೆ ಹೆಚ್ಚೇನೂ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಮಳೆಗಾಲವೆಂದು ಮೇಲಿನಿಂದ ತಗಡು ಮುಚ್ಚಿತ್ತು. ಬಂದೂಕಿನ ಕೆಳಗೊಂದು ಮಣೆ, ಮಣೆಯ ಮೇಲೆ ಮುತ್ತುಗದ ಎಲೆ, ಎಲೆಯ ಮೇಲೆ ಬೋರಲು ಹಾಕಿದ ಬೆಳ್ಳಿ ಬಟ್ಟಲು. ಇವತ್ತು ರಾಯರ ಮಾಸಿಕದ ತಿಥಿ. ಪಿತೃಗಳಿಗೆ ಇಟ್ಟದ್ದೇನೋ ಇರಬೇಕೆಂದು ಸುಂಕಣ್ಣ ಅದರ ತಂಟೆಗೆ ಹೋಗಲಿಲ್ಲ.

ಪಂಚರಿಲ್ಲದೆ ಬಂದೂಕು ಮುಟ್ಟಿದರೆ ಕೋರ್ಟಿನಲ್ಲಿ ನಿಲ್ಲದು. ಹೊರಗೆ ನಿಂತಿದ್ದ ಕಾನ್‌ಸ್ಟೇಬಲ್ ಶ್ರೀರಾಮುಲುವನ್ನು ಕೇರಿಯಲ್ಲಿ ಇಬ್ಬರು ಪಂಚರನ್ನು ಕರೆತರಲು ಓಡಿಸಿದ. ತಾನೇ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಜೇಬಿಗಿಳಿಸಿ, ಆ ಬಾಗಿಲಿಗೆ ಎದುರಾಗಿಯೇ ನಡುಮನೆಯ ಕಂಬಕ್ಕೆ ಒರಗಿ ಕೂತ.

“ಅಮ್ಮಾರ, ರಾಯರು ಗುಂಡಿಗೆ ಹಚ್ಚತಿದ್ದ ಮೇಣ ಇನ್ನೂ ಮನ್ಯಾಗ ಐತೇನ್ರಿ?”

“ಅದ. ತರ್ತೀನಿ,” ಎಂದು ಕಾವೇರಿಬಾಯಿ ಒಳಗೆ ಹೋದರು.

ಎದುರಿನ ಚಾಪೆಯ ಮೇಲೆ ರಾಯರ ತಮ್ಮ ಸೇತುಮಾಧವ ಕೂತಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತ. ಅಣ್ಣನಿಗೆ ಮಕ್ಕಳಿಲ್ಲವಾದ್ದರಿಂದ ಪ್ರತಿ ತಿಂಗಳು ಬಂದು ಮಾಸಿಕ ಮಾಡಿ, ಉಂಡು ಹೋಗುವವನು ಅವನೇ. ಬಂದೂಕಿನ ಲೈಸೆನ್ಸೂ ಅವನ ಹೆಸರಿಗೇ ಬಂದಿತ್ತು. ಬೀಗದ ಕೈ ಸುಂಕಣ್ಣನ ಜೇಬಿಗೆ ಹೋದದ್ದನ್ನು ನೋಡಿ ಅವನ ಹಣೆಯ ಅಂಗಾರ ಅಕ್ಷತೆ ಬೆವರಿಗೆ ಕರಗಿತು.

“ನಾ ಆ ಬಂದೂಕು ಮುಟ್ಟಿಲ್ರಿ ಎಸ್ಸೈಯವರ.”

“ಮುಟ್ಟೀರಿ ಅಂತ ಯಾರಂದ್ರು ರಾಯರ?” ಎಂದ ಸುಂಕಣ್ಣ. ಕುಂಬಳಕಾಯಿ ಕಳ್ಳ ಅಂದರೆ ಇವನ ಕೈ ಆಗಲೇ ಹೆಗಲ ಮೇಲಿತ್ತು.

ಅವನು ಜೇಬಿನಿಂದ ನಶ್ಯದ ಡಬ್ಬಿ ತೆಗೆದ. ಅದರೊಳಗೆ ಅರಳೆಯಲ್ಲಿ ಸುತ್ತಿದ ಒಂದು ಸೀಸದ ಗುಂಡಿತ್ತು. ಆ ಸಂಜೆ ಎರಡು ಸಲ ಹಾರಿಸಿದ್ದರು. ಒಂದು ಭೀಮಲಿಂಗಪ್ಪನ ಎದೆಯ ಮೂಳೆಗೆ ಬಡಿದು ಬಿಲ್ಲೆಯಾಗಿತ್ತು. ಮೊದಲಿನದು ಗುರಿ ತಪ್ಪಿ ಹಿಂದಿದ್ದ ಹತ್ತಿಯ ಅಂಡಿಗೆಯಲ್ಲಿ ಹೋಗಿ, ತೊಟ್ಟಿಲಲ್ಲಿ ಮಲಗಿಸಿದ ಕೂಸಿನ ಹಾಗೆ ಮುಕ್ಕಾಗದೆ ಉಳಿದಿತ್ತು.

ಉದ್ದನೆಯ ಗುಂಡು, ಸೊಂಟಕ್ಕೆ ಉಂಗುರದ ಹಾಗೆ ಮೂರು ಸುತ್ತು ಕಚ್ಚು. ಕಚ್ಚುಗಳಲ್ಲಿ ಮೇಣ ತುಂಬುವುದು ಚೆಂದಕ್ಕಲ್ಲ. ಗುಂಡು ಓಡುವಾಗ ಆ ಮೇಣ ನಳಿಗೆಗೆ ಜಿಡ್ಡು ಸವರಬೇಕು. ಆಗಲೇ ಸೀಸ ಅಂಟುವುದಿಲ್ಲ, ಮಸಿ ಗಟ್ಟಿಯಾಗುವುದಿಲ್ಲ, ಎರಡನೆಯ ಗುಂಡೂ ನೆಟ್ಟಗೆ ಹೋಗುತ್ತದೆ. ಈ ಗುಂಡಿನ ಕಚ್ಚಿನಲ್ಲಿ ಇನ್ನೂ ಕೊಂಚ ಮೇಣವಿತ್ತು. ವರ್ಷದ ಹಿಂದಿನದಾಗಿದ್ದರೆ ಒಣಗಿ ಬಿರಿಯುತ್ತಿತ್ತು. ಇದು ಉಗುರಿಗೆ ಮೆತ್ತಗೆ ಅಂಟಿತು.

ಆಂಜಿನಪ್ಪ ಹಚ್ಚುವುದು ಕುರಿಯ ಕೊಬ್ಬು. ಇದರಲ್ಲಿದ್ದದ್ದು ಜೇನುಮೇಣ, ಹರಳೆಣ್ಣೆ, ಮತ್ತೆ ಗಂಧ. ಕೊರಡಿನ ಮೇಲೆ ತೇಯ್ದ ದೇವರ ಗಂಧ. ಆ ವಾಸನೆ ಕೆಲವು ದಿನಗಳಿಂದ ಸುಂಕಣ್ಣನ ನಿದ್ದೆಗೆ ಅಡ್ಡ ಬರುತ್ತಿತ್ತು. ಬಂದೂಕು ಬಲ್ಲವನು ಮೇಣದಲ್ಲಿ ಪುಡಿ ಬೀಳಗೊಡುವುದಿಲ್ಲ, ನಳಿಗೆ ಗೀರುತ್ತದೆ. ಈ ಮೇಣ ಕಾಸಿದವರಿಗೆ ವಿಧಾನವೆಲ್ಲ ಗೊತ್ತಿತ್ತು, ಬಂದೂಕು ಗೊತ್ತಿರಲಿಲ್ಲ. ಇದನ್ನು ಹೇಳಿದಾಗ ಸರ್ಕಲ್ ಸಾಹೇಬರು, “ಗಂಧದ ವಾಸನೆಗೆ ಕೋರ್ಟು ಬಿಡುಗಡೆ ಕೊಡುತ್ತದೇನಯ್ಯಾ?” ಎಂದಿದ್ದರು.

ಮಾಳಿಗೆಯ ಮೇಲೆ ಏನೋ ಧಪ್ಪೆಂದಿತು. ಸುಂಕಣ್ಣ ತಲೆಯೆತ್ತಿದ.

“ಕೋತಿ,” ಎಂದ ಸೇತುಮಾಧವ. “ಗುಡ್ಡದಿಂದ ಇಳೀತಾವ. ಅಣ್ಣ ಇದ್ದಾಗ ಒಂದೂ ಬರ್ತಿದ್ದಿಲ್ಲ. ಅವ ಮಾಳಗಿ ಮ್ಯಾಲ ಕೂತು ಗುರಿ ಇಡ್ತಿದ್ನಲ್ಲ, ಸಪ್ಪಳಕ್ಕ ಹೆದರತಿದ್ವು.”

“ಏನಕ್ಕ ಗುರಿ ಇಡ್ತಿದ್ರು?”

“ಸ್ಟೇಷನ್ ದಾರಿ ತಿರುವಿನಾಗ ದೊಡ್ಡ ಕಲ್ಲು ಅದ ನೋಡ್ರಿ, ಅದಕ್ಕ ಸುಣ್ಣದ ಬೊಟ್ಟು ಇಟ್ಟು ಬೆಳಗಿನ ಝಾವ ಹೊಡೀತಿದ್ದ, ದಾರ್ಯಾಗ ನರಪಿಳ್ಳಿ ಇಲ್ಲದಾಗ. ಜೀವ ಇದ್ದದ್ದು ಒಂದನ್ನೂ ಹೊಡದವನಲ್ಲ. ಬ್ರಾಹ್ಮಣಗ ಬಂದೂಕಿನ ಹುಚ್ಚು ಅಂತ ಊರೆಲ್ಲ ನಗತಿತ್ತು. ಆ ಬಂದೂಕು ಮನಿಷಾನ್ನ ಕೊಂದದ ಅಂದ್ರ ಅಣ್ಣನ ಆತ್ಮ ಹೆಂಗ ಸಮಾಧಾನ ಆದೀತು?”

“ಒಂದು ಕೇಳ್ತೀನಿ ರಾಯರ. ಕೊಂದಾತ ಬಂದೂಕು ತಂದು ಮತ್ತ ಗೂಟಕ್ಕ ಹಾಕ್ಯಾನ. ತೊಳೀದ ಹಾಕ್ಯಾನ. ಯಾಕ?”

“ಅವಸರ ಇರಬೇಕು.”

“ಅವಸರ ಇಲ್ಲ. ಕಾಲು ತೊಳಿಯಾಕ ಹ್ವಾದಾಗ ನಿಮ್ಮ ಬಚ್ಚಲದಾಗ ಹಂಡಿ ಹಿಂದ ಬಂದೂಕು ಒರಸೋ ಅರಿವಿ ಸಿಕ್ಕೈತಿ. ಮಸಿ ಹತ್ತದ ಒಣ ಅರಿವಿ. ತೊಳಿಯಾಕಂತನ ಹಂಡಿ ತನಕ ಬಂದಾನ. ನೀರಾಗ ಕೈ ಇಟ್ಟಾನ. ತಣ್ಣೀರು. ಅದರಾಗ ತೊಳದ್ರ ಪಸಿ ಉಳಿದು ತುಕ್ಕು ಹಿಡಿತೈತಿ ಅಂತ ಸುಮ್ಮನ ಹೋಗ್ಯಾನ.”

“ನಮ್ಮ ಹಂಡಿ ನೀರು ಯಾವಾಗ್ಲೂ ಬಿಸಿ ಇರ್ತದ.”

“ಏಕಾದಶಿ ದಿನ?”

ಕಾವೇರಿಬಾಯಿ ಏಕಾದಶಿಯ ದಿನ ನೀರನ್ನೂ ಕುಡಿಯುವವರಲ್ಲ. ಅಂದು ಆ ಮನೆಯಲ್ಲಿ ಅಡುಗೆಯ ಒಲೆ ಹಾಗಿರಲಿ, ಹಂಡೆಯ ಒಲೆಗೂ ಕಿಚ್ಚಿಲ್ಲ. ತಣ್ಣೀರು ಮೀಯುವುದು, ಹರಿನಾಮ ಹೇಳುವುದು, ಮಲಗುವುದು.

“ಆತಗ ಮನಿ ಗೊತ್ತು, ಹಂಡಿ ಗೊತ್ತು,” ಎಂದ ಸುಂಕಣ್ಣ. “ಏಕಾದಶಿ ಗೊತ್ತಿದ್ದಿಲ್ಲ. ಏಕಾದಶಿ ಮರಿಯೋ ವೈಷ್ಣವ ಯಾವ ಊರಾಗ ಅದಾನ್ರಿ? ಹಂಗಾಗಿ ನಿಮ್ಮ ಮ್ಯಾಲಿನ ಅನುಮಾನ ನಾ ಬಿಟ್ಟೀನಿ.”

ಸೇತುಮಾಧವನಿಗೆ ಹೋದ ಜೀವ ಬಂದಂತಾಯಿತು. ಶಲ್ಯದಿಂದ ಮುಖ ಒರೆಸಿಕೊಂಡ. ಜೀವ ಬಂದದ್ದೇ ಬುದ್ಧಿಯೂ ಬಂತು.

“ಹಂಗಾದ್ರ ಆಂಜಿನಪ್ಪನ ಆದ್ನಲ್ರಿ. ಅಣ್ಣ ದಿನಾ ಅವನ ಕೈಲೇ ಅದೇ ಹಂಡಿ ನೀರಿನಿಂದ ಬಂದೂಕು ತೊಳಸ್ತಿದ್ದ. ಮನಿ ಗೊತ್ತು, ಹಂಡಿ ಗೊತ್ತು. ಬ್ಯಾಟಿ ಮನಿಷಾಗ ಏಕಾದಶಿ ಏನು, ದ್ವಾದಶಿ ಏನು?”

ಸುಂಕಣ್ಣ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಆಂಜಿನಪ್ಪನನ್ನು ಬಿಡಿಸಲು ತಾನು ಜೋಪಾನವಾಗಿ ಹೊಸೆದ ಹಗ್ಗ ಆಂಜಿನಪ್ಪನ ಕೊರಳಿಗೇ ಸರಿಹೋಗಿತ್ತು.

ಕಾವೇರಿಬಾಯಿ ಬಂದು ಹೊಸ್ತಿಲ ಮೇಲೆ ಒಂದು ಕಂಚಿನ ಬಟ್ಟಲು ಇಟ್ಟು ಹಿಂದೆ ಸರಿದರು. ಸುಂಕಣ್ಣ ಅದನ್ನು ಮೂಗಿನ ಹತ್ತಿರ ತಂದ. ಮೇಣ, ಹರಳೆಣ್ಣೆ, ಗಂಧ.

“ಇದನ್ನ ಕಾಸಿದ್ದು ಯಾರ್ರಿ ಅಮ್ಮಾರ?”

“ನಾನ.” ಅವರು ಗೋಡೆಗೆ ಒರಗಿ ಕೂತರು. ಕೆಂಪು ಸೀರೆಯ ಸೆರಗು ಬೋಳು ತಲೆಯ ಮೇಲೆ ಬಿಗಿಯಾಗಿತ್ತು. “ಯಾವಾಗ್ಲೂ ನಾನ ಕಾಸ್ತಿದ್ದೆ, ಹಿತ್ತಲದಾಗ ಮೂರು ಕಲ್ಲಿಟ್ಟು. ಕೊಬ್ಬು ಹಚ್ಚು ಅಂತ ಎಲ್ಲಾರೂ ಹೇಳಿದ್ರು. ಇವರು ಮುಟ್ಟಲಿಲ್ಲ. ಶೇಂಗಾ ಎಣ್ಣಿ ನೋಡಿದ್ವಿ, ಅಂಟಾತು. ಎಳ್ಳೆಣ್ಣಿ ಹಾಕಿದ್ವಿ, ಅದೂ ಜಮಾಸಲಿಲ್ಲ. ಕಡೀಕ ಹರಳೆಣ್ಣಿ ಒಗ್ಗಿತು. ಎರಡು ಪಾಲು ಮೇಣಕ್ಕ ಒಂದು ಪಾಲು ಎಣ್ಣಿ. ಬ್ಯಾಸಿಗ್ಯಾಗ ಎಣ್ಣಿ ಇನ್ನೂ ಕಮ್ಮಿ, ಇಲ್ಲಾಂದ್ರ ಕರಗಿ ಮದ್ದಿಗೆ ಇಳೀತದ.”

“ಗುಂಡು?”

“ಎರಡು ಡಬ್ಬಿ ಹಂಗ ಉಳದಾವ. ಗಿಡ್ಡವು ಹತ್ತರಕ್ಕ, ಉದ್ದನ್ನವು ದೂರಕ್ಕ. ತಾಟಿನಾಗ ಉರುಳಿಸಿ ನೋಡಬೇಕು. ಅಕ್ಷತಿಗೆ ಅಕ್ಕಿ ಆರಿಸಿದಂಗ. ಕುಂಟಿಕೋತ ಉರುಳಿದ್ದು ಬ್ಯಾಡ, ಒಳಗ ಗಾಳಿ ಇರ್ತದ.” ಅವರ ಬೆರಳು ತಾನಾಗಿ ಗಾಳಿಯಲ್ಲಿ ತಾಟನ್ನು ಓಲಾಡಿಸಿತು. ಒಂದು ಗಳಿಗೆ ಆ ಮುಖದಲ್ಲಿ ಹದಿನೆಂಟರ ಹೆಣ್ಣು ಕಂಡು ಮರೆಯಾಯಿತು.

“ರಾಯರು ಇಲ್ಲ. ಈಗ ಯಾರಿಗೆ ಕಾಸ್ತೀರಿ?”

“ಅವರಿಗೇ.” ಕಾವೇರಿಬಾಯಿ ಬಾಗಿಲ ಬೀಗದ ಕಡೆ ನೋಡಿದರು. “ಮಾಸಿಕದ ದಿನ ಅವರಿಗೆ ಪ್ರೀತಿ ಇದ್ದದ್ದು ಮಾಡಿ ಇಡಬೇಕಲ್ಲ. ಪಾಯಸಾನೂ ಮಾಡ್ತೀನಿ. ಆದ್ರ ಅವರಿಗೆ ಪಾಯಸಕ್ಕಿಂತ ಇದು ಪ್ರೀತಿ. ಉದ್ದನ್ನವು ಎರಡು ಆರಿಸಿ, ಮೇಣ ಹಚ್ಚಿ, ಬಂದೂಕಿನ ಕೆಳಗ ಎಲಿ ಮ್ಯಾಲ ಇಡ್ತೀನಿ. ಅವರು ಹ್ವಾದ ಮ್ಯಾಲ ಗಂಧದ ಕೊರಡು ಸುಮ್ಮನ ಕೂತಿತ್ತು. ನಾ ಹಚ್ಚಿಕೊಳ್ಳೋ ಹಂಗಿಲ್ಲ. ಅದಕ್ಕ ಮೇಣಕ್ಕ ಚೂರು ಬೆರಸ್ತೀನಿ.”

“ವೈನಿ,” ಎಂದ ಸೇತುಮಾಧವ, ಅತ್ತಿಗೆಯನ್ನು ಹೊಸದಾಗಿ ನೋಡುವವನಂತೆ. “ನಾ ಹೊರಗ ಪಿಂಡ ಇಡ್ತೀನಿ, ನೀವು ಒಳಗ ಗುಂಡು ಇಡ್ತೀರೇನು?”

“ಪಿಂಡ ಕಾಗಿ ತಿಂದು ಹೋತು. ಗುಂಡು ಅವರೇ ತೊಗೊಂಡ್ರು.” ಕಾವೇರಿಬಾಯಿ ಶಾಂತವಾಗಿ ಹೇಳಿದರು. “ಪ್ರತಿ ತಿಂಗಳ ತೊಗೋತಾರ. ಬೀಗ ಹಾಕಿದ್ದು ಹಾಕಿದಂಗ ಇರ್ತದ, ಮರುದಿನ ಎಲಿ ಬರೇದು. ಹಿಂದಿನ ತಿಂಗಳದ್ದೂ ತೊಗೊಂಡ್ರು.”

ಸುಂಕಣ್ಣ ಬೆರಳು ಮಡಿಚಿ ಎಣಿಸಿದ. ಪ್ರತಿ ತಿಂಗಳ ಎರಡೆರಡು ಗುಂಡು. ಭೀಮಲಿಂಗಪ್ಪನಿಗೆ ಹೋದವು ಎರಡೇ. ಮಿಕ್ಕವು ಮದ್ದು ತುಂಬಿದ ತೋಟಾಗಳಾಗಿ ಯಾರದೋ ಚೀಲದಲ್ಲಿ ಕಾದು ಕೂತಿದ್ದವು.

ಚಿಕ್ಕವನಿದ್ದಾಗ ದೇವನಕೊಂಡದಲ್ಲಿ ಅಪ್ಪನ ಹೆಸರಿನ ಎಡೆಗೆ ಕಾಗೆ ಬರುತ್ತದೋ ಇಲ್ಲವೋ ಎಂದು ಅವನೂ ಮಾಳಿಗೆಯ ಮೇಲೆ ಉಸಿರು ಹಿಡಿದು ಕಾದವನು. ಬಂದಾಗ ಅವ್ವ ಅತ್ತಿದ್ದು ಅವನಿಗೆ ಇನ್ನೂ ನೆನಪಿತ್ತು. ಈಗ ತಾನು ಆಡಬೇಕಾದ ಮಾತು ಅವನಿಗೆ ಬೇಡವಾಗಿತ್ತು. ಆದರೂ ಆಡಿದ.

“ಅಮ್ಮಾರ, ಸತ್ತೋರು ಸೀಸ ಒಯ್ಯಂಗಿಲ್ರಿ. ಬದುಕಿರೋ ಮನಿಷಾ ಒಬ್ಬ ಒಯ್ದಾನ.” ಡಬ್ಬಿಯಿಂದ ಗುಂಡು ತೆಗೆದು ಹೊಸ್ತಿಲ ಮೇಲೆ ಇಟ್ಟ. “ಮೂಸಿ ನೋಡ್ರಿ. ನೀವು ತೇಯ್ದ ಗಂಧ. ಭೀಮಲಿಂಗಪ್ಪನ ಹತ್ತಿ ಅಂಡಿಗ್ಯಾಗ ಸಿಕ್ಕೈತಿ.”

ಅವರು ಮೂಸಲಿಲ್ಲ. ನೋಡಿದ ಕೂಡಲೇ ಗುರುತು ಸಿಕ್ಕಿತ್ತು. ಕೈ ಚಾಚಿದವರು ಅರ್ಧಕ್ಕೇ ಹಿಂತೆಗೆದುಕೊಂಡರು.

“ಇದು ನಾ ಮಾಡಿದ ಮೇಣ, ಆಂಜಿನಪ್ಪಗ ಕೊಟ್ಟಿಲ್ಲ, ಆತಗ ಇದರ ಸುದ್ದೀನೂ ಗೊತ್ತಿಲ್ಲ ಅಂತ ಮ್ಯಾಜಿಸ್ಟ್ರೇಟ್ ಮುಂದ ಒಂದು ಮಾತು ಹೇಳ್ರಿ. ಇವತ್ತಿನ ರೈಲು ನಾ ನಿಲ್ಲಸ್ತೀನಿ. ಇಲ್ಲಾಂದ್ರ ಆತನ್ನ ನೇಣಿಗೆ ಹಾಕ್ತಾರ.”

“ನಾ ಹಂಗ ಹೇಳಿದ್ರ,” ಎಂದರು ಕಾವೇರಿಬಾಯಿ, “ಅವರು ಒಂದು ಸಲಾನೂ ಬಂದೇ ಇಲ್ಲ ಅಂತ ಆತಲ್ಲಪ್ಪಾ.”

ಮಾಳಿಗೆಯ ಮೇಲೆ ಮತ್ತೆ ಸದ್ದಾಯಿತು, ಈ ಸಲ ಮೆಲ್ಲಗೆ, ಮಣ್ಣು ಜಾರಿದ ಹಾಗೆ. ಕಾವೇರಿಬಾಯಿ ಕಿವಿಗೊಟ್ಟರು. ತುಟಿಯಂಚಿನಲ್ಲಿ ನಗುವಿನಂಥದು ಸುಳಿಯಿತು.

“ಒಂದು ಕೆಲಸ ಮಾಡೋಣ,” ಎಂದರು. “ಇವತ್ತಿನ ಗುಂಡೂ ಇಟ್ಟೀನಿ, ಆ ಬಟ್ಟಲ ಕೆಳಗ. ಬೀಗ ಹಾಕಿದವರು ನೀವು, ಕೈ ನಿಮ್ಮ ಜೇಬಿನಾಗ ಅದ, ಬಾಗಿಲ ಕಾದವರೂ ನೀವ. ತೆಗೀರಿ. ಗುಂಡು ಅಲ್ಲೇ ಇದ್ರ ಅವರು ಬರಂಗಿಲ್ಲ ಅಂತ ನಾ ತಿಳಕೋತೀನಿ. ಉಟ್ಟ ಸೀರಿಲೇ ಕೋರ್ಟಿಗೆ ಬರ್ತೀನಿ.”

ಸುಂಕಣ್ಣನ ಎದೆಯ ಭಾರ ಇಳಿಯಿತು. ಒಳ್ಳೆಯ ಕರಾರು ಅದು. ಬಾಗಿಲಿಂದ ತಾನು ಕಣ್ಣು ಕಿತ್ತಿರಲಿಲ್ಲ, ಸೇತುಮಾಧವ ಕೂತ ಚಾಪೆಯಿಂದ ಎದ್ದಿರಲಿಲ್ಲ.

ಅಷ್ಟರಲ್ಲಿ ಶ್ರೀರಾಮುಲು ಏದುಸಿರು ಬಿಡುತ್ತ ಇಬ್ಬರು ಪಂಚರ ಜೊತೆ ಬಂದ. “ಸಾರ್, ಆಲಸ್ಯಂ, ಭಾಳ ತಡ ಆತು. ಆಂಜಿನಪ್ಪನ್ನ ಆಗಲೇ ಕರಕೊಂಡು ಹೊಂಟಾರ. ಬೇಡಿ ಹಾಕಿ ನಡಿಸಿಕೋತ ಹೋಗಲಿಕತ್ತಾರ. ಮೂಕಮ್ಮಾನೂ ಹಿಂದಿಂದ ಹೊಂಟಾಳ. ಇನ್ನೇನು ಸ್ಟೇಷನ್ ತಿರುವಿಗೆ ಬಂದ್ರು.”

“ಓಡಿ ಹೋಗಿ ನಿಲ್ಲಸು. ಸಾಕ್ಷಿ ಸಿಕ್ಕೈತಿ ಅನ್ನು,” ಎಂದ ಸುಂಕಣ್ಣ. ಶ್ರೀರಾಮುಲು ಬಂದ ಕಾಲಲ್ಲೇ ಓಡಿದ. ಸುಂಕಣ್ಣ ಬೀಗ ತೆಗೆದು ಬಾಗಿಲು ನೂಕಿದ.

ಕೋಣೆಯಲ್ಲಿ ಮುಂಚೆ ಇಲ್ಲದಷ್ಟು ಬೆಳಕಿತ್ತು.

ಬೆಳ್ಳಿ ಬಟ್ಟಲು ಎಲೆಯ ಪಕ್ಕಕ್ಕೆ, ನೆಟ್ಟಗೆ, ಜೋಪಾನವಾಗಿ ಕೂತಿತ್ತು. ಮುತ್ತುಗದ ಎಲೆ ಬರಿದಾಗಿತ್ತು. ಗೂಟವೂ ಬರಿದಾಗಿತ್ತು. ನೆಲದ ಮೇಲಿನ ಹಳೆಯ ಕಲೆಯಿಂದ ಹೊಸ ಕಪ್ಪು ಹನಿಗಳು ಒಂದರ ಹಿಂದೆ ಒಂದು ಕೋಣೆಯ ನಡುವಿನ ತನಕ ಬಂದು, ಬೆಳಕಿಂಡಿಯ ಕೆಳಗೆ ನಿಂತಿದ್ದವು. ಮೇಲಿನ ತಗಡು ಒಬ್ಬ ಮನುಷ್ಯ ನುಸುಳುವಷ್ಟು ಪಕ್ಕಕ್ಕೆ ಸರಿದಿತ್ತು.

ಬಾಗಿಲಲ್ಲಿ ಕಾವೇರಿಬಾಯಿ ಬರಿದಾದ ಎಲೆಗೆ ಕೈ ಮುಗಿದರು. ಕಣ್ಣಲ್ಲಿ ನೀರಿತ್ತು. “ಬಂದಿದ್ರು. ತೊಗೊಂಡ್ರು. ನಾ ಹೇಳಲಿಲ್ಲೇನು?”

ಸುಂಕಣ್ಣನಿಗೆ ಅವರ ಮಾತು ಕೇಳಿಸಲಿಲ್ಲ. ಆಂಜಿನಪ್ಪ ಬೇಡಿಯಲ್ಲಿರುವಾಗಲೇ ಬಂದೂಕು ಹೋಗಿದೆ. ಅವನು ನಿರಪರಾಧಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಸಾಕ್ಷಿ ತೋರಿಸುವ ಹೊತ್ತಿಗೆ ಅವನು ಬದುಕಿರಬೇಕಷ್ಟೇ. ಕೊಂದವನನ್ನು ಕಂಡವನು ಅವನೊಬ್ಬನೇ, ಅದನ್ನು ಬೆಳಿಗ್ಗೆ ನಾಲ್ಕು ಜನರೆದುರು ಹೇಳಿಯೂ ಬಿಟ್ಟಿದ್ದ. ಅವನು ಈಗ ನಡೆಯುತ್ತಿರುವ ತಿರುವಿನಲ್ಲಿ ಸುಣ್ಣದ ಬೊಟ್ಟಿನ ಕಲ್ಲಿದೆ. ಆ ಬೊಟ್ಟಿಗೆ ಈ ಬಂದೂಕು, ಈ ಮಾಳಿಗೆಯಿಂದ, ಉದ್ದನೆಯ ಗುಂಡಿನಿಂದ, ವರ್ಷಾನುಗಟ್ಟಲೆ ಗುರಿ ತಪ್ಪಿಲ್ಲ.

ಅವನು ಬೆಳಕಿಂಡಿಯ ಕೆಳಗೆ ಹೋಗಿ ಮುಖ ಮೇಲೆತ್ತಿದ. ಎಲ್ಲೋ ದೂರದಲ್ಲಿ ಮೂಕಮ್ಮ ಗಂಡನನ್ನು ಕರೆಯುತ್ತಿದ್ದದ್ದು ಗಾಳಿಗೆ ತೇಲಿ ಬಂತು.

ಟಪ್ಪನೆ ಅವನ ಹಣೆಯ ಮೇಲೆ ಒಂದು ಹನಿ ಬಿತ್ತು. ಒರೆಸಿ ನೋಡಿದ. ಕಪ್ಪಗಿತ್ತು.

ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ತೋಟಾ ನಳಿಗೆಯೊಳಗೆ ಹೋಗಿ ಕೂತ ಸದ್ದಾಯಿತು. ಗಂಧದ ವಾಸನೆ ಕೋಣೆಯೊಳಕ್ಕೆ ಇಳಿಯಿತು.